ಮೂರನೇ ಸಿಲಿಂಡರಿಗೆ ಬಾಯಾರಿಕೆ

ನನ್ನ ಕಸುಬು ಬೋರ್‌ವೆಲ್ ಮೋಟಾರು ವೈಂಡಿಂಗ್. ತುಮಕೂರಿನ ಅಂತರಸನಹಳ್ಳಿ ಕಡೆ ಒಂದು ಶೆಡ್ಡು, ಕೈಕೆಳಗೆ ಒಬ್ಬ ಹುಡುಗ, ಅಷ್ಟೇ. ಕಾರು ರಿಪೇರಿ ಯಾರ ಹತ್ತಿರವೂ ಕಲಿತವನಲ್ಲ. ಶೆಡ್ಡಿನ ಪಕ್ಕ ಟಾರ್ಪಾಲು ಹೊದ್ದು ನಿಂತಿರುವ 2001ರ ಹೋಂಡಾ ಸಿಟಿ ವಿಟೆಕ್ ಮಾತ್ರ ನನ್ನದು, ಅದರ ತಲೆನೋವೂ ನನ್ನದೇ. ನಾಲ್ಕು ಬಾಗಿಲಿನ ಸೆಡಾನನ್ನು ಸ್ಪೋರ್ಟ್ಸ್ ಕಾರು ಅಂತೀಯಲ್ಲೋ ಎಂದು ನಗುವವರು ನಗಲಿ. ಒಂದೂವರೆ ಲೀಟರ್ ಇಂಜಿನ್ನು, ನೂರು ದಾಟಿದ ಕುದುರೆಬಲ, ಒಂದು ಟನ್ನಿನ ಆಸುಪಾಸಿನ ತೂಕ. ಆರ್‌ಪಿಎಂ ಮುಳ್ಳು ಐದು ಸಾವಿರದ ಹತ್ತಿರ ಹೋದಾಗ ಇಂಜಿನ್ನು ದನಿ ಬದಲಾಯಿಸುತ್ತದಲ್ಲ, ಅದನ್ನು ಒಮ್ಮೆ ಕೇಳಿದವರು ಆಮೇಲೆ ನಗುವುದಿಲ್ಲ.

ತೋಟದ ಕೆಲಸ, ತಂಗಿ ಮದುವೆ ಅಂತ ಕಾರು ಏಳು ತಿಂಗಳು ನಿಂತೇ ಇತ್ತು. ಮತ್ತೆ ಸ್ಟಾರ್ಟ್ ಮಾಡಿದಾಗ ಬೆಳಗಿನ ಹೊತ್ತು ಚಳಿ ಹಿಡಿದವರ ಹಾಗೆ ನಡುಗುತ್ತಿತ್ತು. ಬಿಸಿಯಾದ ಮೇಲೆ ಸ್ವಲ್ಪ ಸುಧಾರಿಸಿಕೊಂಡರೂ ಎರಡೂವರೆ ಸಾವಿರದ ಹತ್ತಿರ ಒಂದು ಮುಗ್ಗರಿಕೆ ಇದ್ದೇ ಇತ್ತು. ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಬಾನೆಟ್ ಎತ್ತುವ ಮೊದಲೇ 'ಪೆಟ್ರೋಲ್ ಪಂಪು ಹೋಗಿದೆ, ಬದಲಾಯಿಸಬೇಕು' ಅಂದರು. ನನ್ನ ಶೆಡ್ಡಿಗೆ ಬರುವ ರೈತರಿಗೂ ಯಾರೋ ಹೀಗೇ 'ಮೋಟಾರು ಸುಟ್ಟಿದೆ' ಅಂದು ಕಳಿಸಿರುತ್ತಾರೆ. ಬಿಚ್ಚಿ ನೋಡಿದರೆ ಅರ್ಧಕ್ಕರ್ಧ ಕೇಸಿನಲ್ಲಿ ಕೇಬಲ್ ಜಾಯಿಂಟು ಕಿತ್ತಿರುತ್ತದೆ. ಹಾಗಾಗಿ ವಾಪಸ್ ಬಂದೆ.

ಪಂಪು ಸರಿ ಇದೆಯೋ ಇಲ್ಲವೋ ಎಂದು ತಿಳಿಯಲು ಪ್ರೆಶರ್ ಗೇಜ್ ಸಾಕು. ಇಂಥ ಇಂಜಿನ್ನಿನಲ್ಲಿ, ಪೆಟ್ರೋಲಿನ ಒತ್ತಡ ಹದದಲ್ಲಿಡುವ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪು ಕಳಚಿದಾಗ ಸುಮಾರು ಮೂರು ಬಾರ್ ತೋರಿಸಬೇಕು; ತೋರಿಸಿತು. ಪ್ಲಗ್ಗು ಬಿಚ್ಚಿ ಸಾಲಾಗಿ ಇಟ್ಟೆ. ಮೂರು ಕಂದು ಬಣ್ಣ, ಮೂರನೇ ಸಿಲಿಂಡರಿನದು ಮಾತ್ರ ಸುಣ್ಣ ಹಚ್ಚಿದ ಹಾಗೆ ಬಿಳಿ. ಬಿಳಿ ಅಂದರೆ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ. ಪ್ಲಗ್ಗು, ವೈರು ಎರಡನ್ನೂ ಪಕ್ಕದ ಸಿಲಿಂಡರಿಗೆ ಬದಲಾಯಿಸಿದರೂ ರೋಗ ಮೂರರಲ್ಲೇ ಉಳಿಯಿತು. ಪ್ರತಿ ಸಿಲಿಂಡರಿಗೂ ಪೆಟ್ರೋಲು ಚಿಮ್ಮಿಸುವ ಪುಟ್ಟ ನಳಿಕೆಯೇ ಇಂಜೆಕ್ಟರ್; ಇಂಜಿನ್ನು ಓಡುತ್ತಿರುವಾಗ ಅವುಗಳ ಕರೆಂಟಿನ ಕನೆಕ್ಟರುಗಳನ್ನು ಒಂದೊಂದಾಗಿ ಕಿತ್ತೆ: ಒಂದು, ಎರಡು, ನಾಲ್ಕು ಕಿತ್ತಾಗ ಇಂಜಿನ್ನು ಕುಸಿಯಿತು, ಮೂರು ಕಿತ್ತಾಗ ಅದಕ್ಕೆ ಗೊತ್ತೇ ಆದಂತೆ ಇರಲಿಲ್ಲ. ಉದ್ದದ ಸ್ಕ್ರೂಡ್ರೈವರಿನ ತುದಿ ಇಂಜೆಕ್ಟರಿನ ಮೇಲೆ, ಹಿಡಿ ಕಿವಿಗೆ. ನಾಲ್ಕೂ ಟಿಕ್ ಟಿಕ್ ಅನ್ನುತ್ತಿವೆ. ಮಲ್ಟಿಮೀಟರಿನಲ್ಲಿ ನಾಲ್ಕೂ 12 ಓಮ್ ಹತ್ತಿರ. ಕಾಯಿಲ್ ಬದುಕಿದೆ, ಸೂಜಿ ಎದ್ದು ಕೂರುತ್ತಿದೆ, ಆದರೂ ಪೆಟ್ರೋಲು ಸಾಲುತ್ತಿಲ್ಲ.

ಇಷ್ಟಾದ ಮೇಲೆ ನನಗೆ ತೋಟ ನೆನಪಾಯಿತು. ನಮ್ಮ ತೆಂಗಿನ ತೋಟದ ಡ್ರಿಪ್ಪಿನಲ್ಲಿ ಪಂಪು ಚೆನ್ನಾಗಿಯೇ ಓಡುತ್ತಿರುತ್ತದೆ, ಮೇನ್ ಪೈಪಿನಲ್ಲಿ ಪ್ರೆಶರ್ರೂ ಇರುತ್ತದೆ, ಒಂದು ಮರದ ಗರಿ ಮಾತ್ರ ಜೋತು ಬೀಳುತ್ತದೆ. ನೀರಿನ ಉಪ್ಪು ಡ್ರಿಪ್ಪರಿನ ತೂತಿನಲ್ಲಿ ಕಟ್ಟಿಕೊಂಡಿರುತ್ತದೆ. ಅದನ್ನು ಹುಡುಕುವುದು ಕಣ್ಣಳತೆಯಿಂದ ಅಲ್ಲ. ಪ್ರತಿ ಡ್ರಿಪ್ಪರಿನ ಕೆಳಗೂ ಬಾಟಲಿ ಇಟ್ಟು, ಹತ್ತು ನಿಮಿಷ ಬಿಟ್ಟು, ಅಳೆದು ನೋಡುವುದು. ಇಂಜೆಕ್ಟರಿನದೂ ಅದೇ ಕಥೆ. ಒಳಗೊಂದು ಕಾಯಿಲ್, ಕರೆಂಟು ಬಂದಾಗ ಸೂಜಿ ಎದ್ದು ಕೂದಲೆಳೆಯಷ್ಟು ಬಾಯಿ ತೆರೆಯುತ್ತದೆ, ಐಡ್ಲಿಂಗಿನಲ್ಲಿ ಎರಡು ಮೂರು ಮಿಲಿಸೆಕೆಂಡು ಮಾತ್ರ. ಇಂಜಿನ್ನು ಆಫ್ ಮಾಡಿದ ಮೇಲೆ ಬಿಸಿ ತುದಿಯಲ್ಲಿ ಉಳಿದ ಹನಿ ಆವಿಯಾಗಿ, ಅದರ ಗೋಂದು ಮಾತ್ರ ಅಲ್ಲೇ ಒಣಗುತ್ತದೆ. ನಾವು ವೈಂಡಿಂಗಿಗೆ ಹಾಕುವ ವಾರ್ನಿಷ್ ಇದ್ದ ಹಾಗೆ. ಟೌನ್‌ಹಾಲ್‌ವರೆಗೆ ಹೋಗಿ ಬರುವ ಸಣ್ಣ ಓಡಾಟ, ನಡುವೆ ತಿಂಗಳುಗಟ್ಟಲೆ ನಿಲುಗಡೆ: ಗೋಂದು ಕಟ್ಟಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಇನ್ನೊಂದು ವಿಷಯ ಹೇಳಬೇಕು. 2023ರ ಫೆಬ್ರವರಿ 6ರಂದು ಊರೆಲ್ಲ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯ ಉದ್ಘಾಟನೆಯ ಮಾತು. ಅದೇ ದಿನ ಬೆಂಗಳೂರಿನಲ್ಲಿ ಶೇ 20 ಎಥನಾಲ್ ಬೆರೆತ ಪೆಟ್ರೋಲಿಗೂ ಪ್ರಧಾನಿ ಚಾಲನೆ ಕೊಟ್ಟಿದ್ದರು. ಎಥನಾಲ್ ಹಳೆಯ ಟ್ಯಾಂಕಿನ ತಳದ ಕೊಳೆಯನ್ನು ಕರಗಿಸಿ ಮುಂದಕ್ಕೆ ತಳ್ಳುತ್ತದೆ, ತೇವ ಹೀರುತ್ತದೆ, ಹಳೆಯ ರಬ್ಬರಿಗೂ ಒಗ್ಗುವುದಿಲ್ಲ. 2001ರ ಕಾರಿನ ರಬ್ಬರು ಈ ಪೆಟ್ರೋಲನ್ನು ಕನಸಿನಲ್ಲೂ ಕಂಡಿರಲಿಲ್ಲ. ಹಾಗಾಗಿ ಫ್ಯೂಯೆಲ್ ಫಿಲ್ಟರು, ಪೆಟ್ರೋಲ್ ಹೋಸು, ಇಂಜೆಕ್ಟರಿನ ಬಳಿ ಸೋರದಂತೆ ತಡೆಯುವ ಓ-ರಿಂಗು ಎಲ್ಲ ಹೊಸದು ಹಾಕುವುದೆಂದು ತೀರ್ಮಾನಿಸಿದೆ. ಓ-ರಿಂಗು ಮಾಮೂಲಿ ರಬ್ಬರಿನದಲ್ಲ, ಪೆಟ್ರೋಲು, ಎಥನಾಲಿಗೆ ಜಗ್ಗದ ವೈಟಾನ್ ರಬ್ಬರಿನದು.

ಇಂಜೆಕ್ಟರು ಬಿಚ್ಚಿದ್ದು ಒಂದು ಶನಿವಾರ ಬೆಳಗ್ಗೆ, ಇಂಜಿನ್ನು ತಣ್ಣಗಿರುವಾಗ. ವಾರ್ನಿಷ್ ಒಣಗಿಸುವ ಓವನ್ ಅವತ್ತು ಹಚ್ಚಲಿಲ್ಲ. ಹುಡುಗನಿಗೆ ಬೀಡಿ ಸಮೇತ ಹತ್ತಿರ ಬರಬೇಡ ಅಂದೆ, ಬೆಂಕಿ ನಂದಿಸುವ ಸಿಲಿಂಡರು ಕಾಲಬುಡದಲ್ಲಿತ್ತು. ಇಂಜಿನ್ನು ಸ್ಟಾರ್ಟ್ ಮಾಡಿ ಪಂಪಿಗೆ ಕರೆಂಟು ಕೊಡುವ ರಿಲೇಯ ಕನೆಕ್ಟರು ಕಿತ್ತೆ. ಲೈನಿನಲ್ಲಿದ್ದದ್ದು ಮುಗಿದು ತಾನೇ ನಿಂತಿತು. ಆಮೇಲೆ ಬ್ಯಾಟರಿಯ ನೆಗೆಟಿವ್. ಇಷ್ಟಾದರೂ ಬಟ್ಟೆ ಸುತ್ತಿಯೇ ಪೆಟ್ರೋಲ್ ಪೈಪಿನ ಬೋಲ್ಟು ಸಡಿಲಿಸಿದೆ, ಆದರೂ ಒಂದು ಗುಟುಕು ಕೈಮೇಲೆ ಬಂತು.

ಬಿಚ್ಚುವ ಮೊದಲು ಕಂಪ್ರೆಸರಿನಿಂದ ಇಡೀ ಜಾಗ ಊದಿ. ಸುಗ್ಗಿಯಲ್ಲಿ ನಮ್ಮ ಕಡೆ ರಸ್ತೆಯ ಮೇಲೇ ರಾಗಿ, ಹುರುಳಿ ಹರಡಿರುತ್ತಾರೆ. ಆ ಹೊಟ್ಟು, ಧೂಳು ಎಲ್ಲ ಇಂಜೆಕ್ಟರಿನ ಬುಡದಲ್ಲಿ ಗೂಡು ಕಟ್ಟಿತ್ತು. ಊದದೆ ಎತ್ತಿದ್ದರೆ ನೇರ ವಾಲ್ವಿನ ಮೇಲೆ. ಇಪ್ಪತ್ತು ದಾಟಿದ ಪ್ಲಾಸ್ಟಿಕ್ ಕನೆಕ್ಟರು ಬಿಸ್ಕತ್ತಿನ ಹಾಗೆ ಮುರಿಯುತ್ತದೆ, ಲಾಕ್ ತಂತಿಯನ್ನು ಉಗುರಿನಲ್ಲಿ ಎಬ್ಬಿಸಿ ನಿಧಾನ ಎಳೆಯಬೇಕು. ಒಂದು ತಂತಿ ಹಾರಿ ಎಲ್ಲಿ ಬಿತ್ತೋ ಇವತ್ತಿಗೂ ಸಿಕ್ಕಿಲ್ಲ. ನಾಲ್ಕೂ ಇಂಜೆಕ್ಟರಿಗೆ ಪೆಟ್ರೋಲು ಹಂಚುವ ಕೊಳವೆಗೆ ರೇಲು ಅನ್ನುತ್ತಾರೆ; ಅದರ ಮೂರು ನಟ್ಟು, ರಿಟರ್ನ್ ಹೋಸು, ವ್ಯಾಕ್ಯೂಮ್ ಪೈಪು ಬಿಚ್ಚಿದರೆ ಇಂಜೆಕ್ಟರು ಸಮೇತ ರೇಲು ಕೈಗೆ ಬರುತ್ತದೆ. ಬರದಿದ್ದರೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ; ಎಡಕ್ಕೆ ಬಲಕ್ಕೆ ತಿರುವುತ್ತಾ ಎತ್ತಿ. ತೂತಿಗೆಲ್ಲ ಬಟ್ಟೆ ತುರುಕಿದೆ, ಪ್ರತಿ ಇಂಜೆಕ್ಟರಿನ ಮೇಲೂ ಅದರ ನಂಬರು ಬರೆದೆ.

ಮನೆಯಲ್ಲೇ ಒಂಬತ್ತು ವೋಲ್ಟಿನ ಬ್ಯಾಟರಿ ಹಿಡಿದು ಕಾರ್ಬ್ ಕ್ಲೀನರ್ ಹೊಡೆದು ತೊಳೆಯುವ ವಿಡಿಯೋಗಳನ್ನು ನಾನೂ ನೋಡಿದ್ದೇನೆ. ತೊಳೆಯಬಹುದು, ಆದರೆ ತೊಳೆದದ್ದು ಸರಿಯಾಯಿತೇ ಅಂತ ಅಳೆಯುವುದು ಹೇಗೆ? ಅದಕ್ಕೆ ಅಲ್ಟ್ರಾಸಾನಿಕ್ ತೊಟ್ಟಿ, ಟೆಸ್ಟ್ ಬೆಂಚ್ ಎರಡೂ ಇರುವ ಕಡೆ ಕೊಟ್ಟೆ, ನಾಲ್ಕಕ್ಕೆ 1,200 ರೂಪಾಯಿ. ತೊಳೆಯುವ ಮೊದಲು ಒಂದು ಸಲ ಅಳೆಯಿರಿ ಅಂತ ಹಟ ಹಿಡಿದೆ. ಹದಿನೈದು ಸೆಕೆಂಡಿಗೆ ಬಿದ್ದದ್ದು: 55, 54, 43, 53 ಮಿಲಿಲೀಟರ್. ಮೂರನೆಯದರ ಸ್ಪ್ರೇ ಕೊಡೆಯಂತೆ ಹರಡದೆ ಪಿಚಕಾರಿಯಂತೆ ಒಂದೇ ಧಾರೆಯಾಗಿತ್ತು. ತಲೆಯೊಳಗಿನ ಹಳೆಯ ಜಾಲರಿ ಫಿಲ್ಟರನ್ನು ಸಣ್ಣ ಸ್ಕ್ರೂ ತಿರುಗಿಸಿ ಎಳೆದು ತೆಗೆದರು. ಅದನ್ನು ಒಳಗೇ ಬಿಟ್ಟು ತೊಳೆದರೆ ಕೊಳೆ ಹೊರಬರುವ ದಾರಿಗೇ ಅಡ್ಡ. ಇಪ್ಪತ್ತು ನಿಮಿಷ ತೊಟ್ಟಿ, ಆಮೇಲೆ ಉಲ್ಟಾ ಫ್ಲಶ್, ಮತ್ತೆ ಅಳತೆ: 56, 55, 50, 55. ಮುಚ್ಚಿದಾಗ ಯಾವುದೂ ಹನಿ ಬಿಡಲಿಲ್ಲ.

'50 ಸಾಕು ಬಿಡಿ ಸಾರ್, ಕಂಪ್ಯೂಟರು ಸರಿದೂಗಿಸಿಕೊಳ್ಳುತ್ತೆ' ಅಂದರು. ಆದರೆ ಆ ಕಂಪ್ಯೂಟರಿಗೆ ಸುದ್ದಿ ಕೊಡುವ ಆಕ್ಸಿಜನ್ ಸೆನ್ಸರು ನೋಡುವುದು ನಾಲ್ಕೂ ಸಿಲಿಂಡರಿನ ಒಟ್ಟು ಹೊಗೆಯನ್ನು. ಅದಕ್ಕೆ ಮೂರನೆಯವನ ಕಷ್ಟ ಬೇರೆಯಾಗಿ ತಿಳಿಯುವುದಿಲ್ಲ. ಮಿಕ್ಕ ಮೂವರಿಗೂ ಸ್ವಲ್ಪ ಜಾಸ್ತಿ ಉಣಿಸುತ್ತದೆ, ಮೂರನೆಯವನು ಅರೆಹೊಟ್ಟೆಯಲ್ಲೇ ಇರುತ್ತಾನೆ.

ಬೇರೆ ಇಂಜೆಕ್ಟರು ಹುಡುಕಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಮಲ್ಟಿಮೀಟರ್ ಜೇಬಿನಲ್ಲಿಟ್ಟುಕೊಂಡು ಹೋದೆ. ಒಂದು ಅಂಗಡಿಯಲ್ಲಿ ನೋಡಲು ತದ್ರೂಪು, ಬಣ್ಣವೂ ಅದೇ. ಮೀಟರು ಹಿಡಿದರೆ 2.4 ಓಮ್. ವೈಂಡಿಂಗ್ ಮಾಡುವವನಿಗೆ ಈ ಲೆಕ್ಕ ಬಾಯಿಪಾಠ: 12 ವೋಲ್ಟಿಗೆ 12 ಓಮ್ ಇದ್ದರೆ ಒಂದು ಆಂಪಿಯರ್, 2.4 ಇದ್ದರೆ ಐದು. ನನ್ನ ಕಾರಿನ ಇಸಿಯು, ಅಂದರೆ ಆ ಕಂಪ್ಯೂಟರಿನ ಒಳಗಿನ ಟ್ರಾನ್ಸಿಸ್ಟರು ಅದನ್ನು ತಡೆಯುವಂಥದ್ದಲ್ಲ. ಮೂರನೇ ಅಂಗಡಿಯಲ್ಲಿ ಹಳೇ ಕಾರಿನಿಂದ ಬಿಚ್ಚಿದ, ಅದೇ ಪಾರ್ಟ್ ನಂಬರಿನ, 12 ಓಮಿನದೊಂದು ಸಿಕ್ಕಿತು. ಅದನ್ನೂ ತೊಳೆಸಿ ಅಳೆದರೆ 55. ಮದುವೆಗೆ ಜಾತಕ ಕೂಡಿದ ಹಾಗೆ.

ಜೋಡಿಸುವಾಗ ತಪ್ಪು ನನ್ನದೇ. ಹೊಸ ಓ-ರಿಂಗಿಗೆ ತೆಳ್ಳಗೆ ಎಣ್ಣೆ ಸವರಿ ಕೂರಿಸಬೇಕು. ಮೂರು ರಿಂಗಿಗೆ ಸವರಿದೆ, ಅಷ್ಟರಲ್ಲಿ ಮೋಟಾರು ಹೊತ್ತುಕೊಂಡು ಯಾರೋ ಬಂದರು, ಮಾತಾಡಿ ಬಂದು ಎರಡನೇ ಸಿಲಿಂಡರಿನದನ್ನು ಎಣ್ಣೆಯಿಲ್ಲದೆಯೇ ಒತ್ತಿದೆ. ಪುಣ್ಯಕ್ಕೆ ಒಂದೇ ಸಲ ಸ್ಟಾರ್ಟ್ ಮಾಡುವ ಅಭ್ಯಾಸ ನನಗಿಲ್ಲ. ಕೀಲಿ ಆನ್ ಮಾಡಿದರೆ ಪಂಪು ಎರಡು ಸೆಕೆಂಡು ಓಡಿ ನಿಲ್ಲುತ್ತದೆ. ಹಾಗೆ ಮೂರು ಸಲ ಮಾಡಿ, ಇಂಜಿನ್ನು ತಿರುಗಿಸದೆ, ಟಾರ್ಚು ಹಿಡಿದು ಒಂದೊಂದು ಬುಡವನ್ನೂ ನೋಡಿದೆ. ಎರಡನೆಯದರ ಕತ್ತಿನಲ್ಲಿ ಒಂದು ಹನಿ ಹೊಳೆಯುತ್ತಿತ್ತು. ಬಿಚ್ಚಿ ನೋಡಿದರೆ ರಿಂಗು ಅಂಚಿನಲ್ಲಿ ಸೀಳಿದೆ. ನಾಲ್ಕೇ ರಿಂಗು ತಂದಿದ್ದೆ, ಅವತ್ತು ಭಾನುವಾರ. ಎಂಟು ತರಬೇಕಿತ್ತು, ಹತ್ತು ತಂದರೂ ಬೆಲೆ ಒಂದು ಮಸಾಲೆ ದೋಸೆಯದು. ಸೋಮವಾರ ಮಧ್ಯಾಹ್ನದವರೆಗೆ ಕಾರು ಬಾಯಿ ತೆರೆದುಕೊಂಡೇ ನಿಂತಿತ್ತು.

ಸೋಮವಾರ ಸಂಜೆ ಮೂರು ಸಲ ಕೀಲಿ, ಮೂರು ಸಲ ಟಾರ್ಚು, ಎಲ್ಲ ಒಣ. ಸ್ಟಾರ್ಟಾಗಿ ಎರಡೇ ಕ್ಷಣದಲ್ಲಿ ಐಡ್ಲಿಂಗ್ ಕೂತಿತು. ರೇಡಿಯೇಟರ್ ಫ್ಯಾನು ಎರಡು ಸಲ ಓಡಿ ನಿಲ್ಲುವವರೆಗೆ ಬಿಟ್ಟೆ, ಬ್ಯಾಟರಿ ತೆಗೆದಿದ್ದರಿಂದ ಇಸಿಯು ಐಡ್ಲಿಂಗನ್ನು ಹೊಸದಾಗಿ ಕಲಿಯಬೇಕಲ್ಲ. ಮಾರನೇ ಬೆಳಗ್ಗೆ ನಾಮದ ಚಿಲುಮೆ ದಾಟಿ ದೇವರಾಯನದುರ್ಗದ ತಿರುವುಗಳಲ್ಲಿ ಎರಡನೇ ಗೇರು ಹಾಕಿ ಒತ್ತಿದೆ. ಎರಡೂವರೆ ಸಾವಿರದ ಮುಗ್ಗರಿಕೆ ಹುಡುಕಿದರೂ ಸಿಗಲಿಲ್ಲ. ಮೇಲೆ ನಿಲ್ಲಿಸಿ ಪ್ಲಗ್ಗು ಬಿಚ್ಚಿ ನೋಡುವ ಆಸೆಯಾಯಿತು, ಆದರೆ ಬಿಸಿ ತಲೆಯಲ್ಲಿ ಪ್ಲಗ್ಗಿನ ಥ್ರೆಡ್ ಹಾಳು ಮಾಡಿಕೊಳ್ಳುವುದು ಬೇಡವೆಂದು ವಾಪಸ್ ಬಂದು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ಶೆಡ್ಡಿಗೆ ಹೋಗಿ, ತಣ್ಣಗಾದ ಮೇಲೆ ಬಿಚ್ಚಿದೆ. ಮೂರನೆಯದರ ಬಿಳಿಯ ಮೇಲೆ ತೆಳು ಕಂದು ಹತ್ತಲು ಶುರುವಾಗಿತ್ತು.

ತೆಗೆದಿಟ್ಟ ಹಳೇ ಮೂರನೇ ಇಂಜೆಕ್ಟರನ್ನು ಮೊನ್ನೆ ಲೇತಿನಲ್ಲಿ ಹಿಡಿದು ಹೊರಕವಚ ಮಾತ್ರ ಕೊಯ್ದು ಬಿಚ್ಚಿದೆ. ಕಾಯಿಲ್ ಹೊಸದರ ಹಾಗೇ ಇದೆ, ಸೂಜಿ ಕೂರುವ ಜಾಗದಲ್ಲಿ ಮಾತ್ರ ಬೆಲ್ಲದ ಪಾಕ ಒಣಗಿದಂಥ ಒಂದು ಕಂದು ಉಂಗುರ. ಹುಡುಗ ಅದನ್ನು ಬಿಟ್ಟು ಕಾಯಿಲನ್ನೇ ತಿರುಗಿಸಿ ತಿರುಗಿಸಿ ನೋಡಿದ. 'ಇದಕ್ಕೆ ಎಷ್ಟು ಸುತ್ತು ಅಣ್ಣಾ?' ಅಂದ. ಬಿಚ್ಚಿ ಎಣಿಸು ಅಂದಿದ್ದೇನೆ. ಮುನ್ನೂರರ ಹತ್ತಿರ ಬಂದಾಗ ತಂತಿ ಕಿತ್ತುಹೋಯಿತಂತೆ.