ಜೆಇಇ ರ‍್ಯಾಂಕ್ ಬಂತು. ಸೀಟು ಸಿಗುವ ಸಾಧ್ಯತೆ ಅಳೆಯುವುದು ಹೇಗೆ?

‘ಈ ರ‍್ಯಾಂಕಿಗೆ ಸುರತ್ಕಲ್ ಎನ್‌ಐಟಿ ಸಿಗುತ್ತದಾ? ಐಐಟಿ ಸಿಗುತ್ತದಾ?’ ಫಲಿತಾಂಶ ಬಂದ ದಿನದಿಂದ ಮನೆಯಲ್ಲಿ ಇದೇ ಮಾತು. ಇದಕ್ಕೆ ಉತ್ತರ ಹುಡುಕಲು ಯಾರಿಗೂ ದುಡ್ಡು ಕೊಡಬೇಕಿಲ್ಲ. ಐಐಟಿ, ಎನ್‌ಐಟಿ, ಟ್ರಿಪಲ್ ಐಟಿಗಳ ಸೀಟು ಹಂಚುವ ಜೋಸಾ ಜಾಲತಾಣದಲ್ಲಿ ಹಿಂದಿನ ವರ್ಷಗಳ ಓಪನಿಂಗ್ ಮತ್ತು ಕ್ಲೋಸಿಂಗ್ ರ‍್ಯಾಂಕ್ ಪಟ್ಟಿ ಇದೆ. ಓಪನಿಂಗ್ ಎಂದರೆ ಆ ಸೀಟು ಪಡೆದ ಮೊದಲಿಗರ ರ‍್ಯಾಂಕ್, ಕ್ಲೋಸಿಂಗ್ ಎಂದರೆ ಕೊನೆಯವರದು. ಪಟ್ಟಿ ಎಲ್ಲರಿಗೂ ಸಿಗುತ್ತದೆ, ಆದರೆ ಬಹಳಷ್ಟು ಜನ ತಮ್ಮದಲ್ಲದ ಸಾಲನ್ನು ಓದಿ ಹಿಗ್ಗುತ್ತಾರೆ ಅಥವಾ ಸುಮ್ಮನೆ ಎದೆಗುಂದುತ್ತಾರೆ.

ಮೊದಲು ಕೈಯಲ್ಲಿರುವ ಅಂಕಿ ಯಾವುದು ನೋಡಿ

ಐಐಟಿಗೆ ಜೆಇಇ ಅಡ್ವಾನ್ಸ್ಡ್ ರ‍್ಯಾಂಕ್, ಎನ್‌ಐಟಿ ಮತ್ತು ಟ್ರಿಪಲ್ ಐಟಿಗೆ ಜೆಇಇ ಮೇನ್ ರ‍್ಯಾಂಕ್. ಅಡ್ವಾನ್ಸ್ಡ್‌ನಲ್ಲಿ ಅರ್ಹತೆ ಪಡೆದ ಮಾತ್ರಕ್ಕೆ ಸೀಟು ಬಂತೆಂದು ತಿಳಿಯಬೇಡಿ. 2025ರಲ್ಲಿ ಅರ್ಹರಾದವರು 54,378 ಮಂದಿ, 23 ಐಐಟಿಗಳಲ್ಲಿದ್ದ ಸೀಟು 18,160.

ಜನವರಿಯ ಮೇನ್ ಮುಗಿದಾಗ ಪರ್ಸೆಂಟೈಲ್, ಅಂದರೆ ಬರೆದವರಲ್ಲಿ ಶೇಕಡ ಎಷ್ಟು ಮಂದಿ ನಿಮ್ಮಷ್ಟೇ ಅಥವಾ ನಿಮಗಿಂತ ಕಡಿಮೆ ಅಂಕ ಪಡೆದರು ಎಂಬ ಲೆಕ್ಕ ಮಾತ್ರ ಸಿಗುತ್ತದೆ. ಏಪ್ರಿಲ್ ಸರದಿಯ ನಂತರವೇ ರ‍್ಯಾಂಕ್. ಅಲ್ಲಿಯವರೆಗೆ ಅಂದಾಜಿಗೆ ಒಂದು ಲೆಕ್ಕ ಸಾಕು: ನೂರರಿಂದ ಪರ್ಸೆಂಟೈಲ್ ಕಳೆಯಿರಿ, ಉಳಿದದ್ದನ್ನು ಪರೀಕ್ಷೆ ಬರೆದವರ ಸಂಖ್ಯೆಯಿಂದ ಗುಣಿಸಿ ನೂರರಿಂದ ಭಾಗಿಸಿ. 2025ರಲ್ಲಿ ಬರೆದವರು ಸುಮಾರು 14.75 ಲಕ್ಷ. ಹಾಗಾಗಿ 98.6 ಪರ್ಸೆಂಟೈಲ್ ಎಂದರೆ ಹತ್ತಿರಹತ್ತಿರ 20,650ನೇ ರ‍್ಯಾಂಕ್. ಬರೆದವರ ಸಂಖ್ಯೆಯನ್ನೇ ತೆಗೆದುಕೊಳ್ಳಿ, ಅರ್ಜಿ ಹಾಕಿದವರದ್ದಲ್ಲ. ‘ಇಷ್ಟು ಮಾರ್ಕ್ಸಿಗೆ ಇಷ್ಟು ರ‍್ಯಾಂಕ್’ ಎಂಬ ಪಟ್ಟಿಗಳು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತವೆ. ಪ್ರತಿ ಶಿಫ್ಟಿನ ಪ್ರಶ್ನೆಪತ್ರಿಕೆಯ ಕಷ್ಟ ಬೇರೆ ಬೇರೆ ಆಗಿರುವುದರಿಂದ ಅವನ್ನು ನಂಬಿ ಕೂರಬಾರದು.

ಪಿಯುಸಿ ಅಂಕವನ್ನೂ ಈಗಲೇ ನೋಡಿಬಿಡಿ: ಶೇ 75, ಅಥವಾ ಮಂಡಳಿಯ ಮೇಲಿನ 20 ಪರ್ಸೆಂಟೈಲ್ ಒಳಗಿರಬೇಕು. ಎಸ್‌ಸಿ, ಎಸ್‌ಟಿ, ಅಂಗವಿಕಲ ವಿದ್ಯಾರ್ಥಿಗಳಿಗೆ ಶೇ 65 ಸಾಕು.

ಸರಿಯಾದ ಸಾಲು ಹುಡುಕುವುದು

ಕೆಲಸ ಕೆಡುವುದೆಲ್ಲ ಈ ಹಂತದಲ್ಲೇ. ಪಟ್ಟಿಯಲ್ಲಿ ಒಂದೇ ಕಾಲೇಜಿನ ಒಂದೇ ಬ್ರಾಂಚಿಗೆ ಹತ್ತಿಪ್ಪತ್ತು ಸಾಲುಗಳಿರುತ್ತವೆ. ಅವುಗಳಲ್ಲಿ ನಿಮ್ಮ ಪಾಲಿನವು ಒಂದು, ಎರಡು, ಸಾಮಾನ್ಯವಾಗಿ ನಾಲ್ಕರೊಳಗೆ. ಅವನ್ನು ಆರಿಸಲು ನಾಲ್ಕು ಸಂಗತಿ ಗೊತ್ತಿರಬೇಕು.

ಮೊದಲನೆಯದು ರಾಜ್ಯದ ಕೋಟಾ. ಎನ್‌ಐಟಿಗಳಲ್ಲಿ ಅರ್ಧ ಸೀಟು ಆ ರಾಜ್ಯದವರಿಗೆ, ಅಂದರೆ ಹೋಮ್ ಸ್ಟೇಟ್. ಉಳಿದರ್ಧ ಹೊರಗಿನವರಿಗೆ, ಅಂದರೆ ಅದರ್ ಸ್ಟೇಟ್. ಸುರತ್ಕಲ್‌ನ ಬೇಡಿಕೆಯ ಬ್ರಾಂಚುಗಳಲ್ಲಿ ಈ ಎರಡು ಸಾಲಿನ ಕ್ಲೋಸಿಂಗ್ ರ‍್ಯಾಂಕಿನ ನಡುವೆ ಸಾವಿರಗಳ ಅಂತರವಿರುತ್ತದೆ. ‘ನಾವು ಕರ್ನಾಟಕದವರು, ಆಧಾರ್ ಇದೆ, ವಾಸದ ದೃಢೀಕರಣ ಪತ್ರ ಇದೆ’ ಎಂದುಕೊಂಡು ಹೋಮ್ ಸ್ಟೇಟ್ ಸಾಲು ಓದುವವರು ಗಮನಿಸಿ: ಇಲ್ಲಿ ಹುಟ್ಟೂರು, ಮನೆಮಾತು, ಅಪ್ಪಅಮ್ಮನ ವಿಳಾಸ ಯಾವುದೂ ಲೆಕ್ಕಕ್ಕಿಲ್ಲ. ಹನ್ನೆರಡನೇ ತರಗತಿಯನ್ನು ಮೊದಲ ಸಲ ಯಾವ ರಾಜ್ಯದಿಂದ ಪಾಸು ಮಾಡಿದ್ದೀರೋ ಅದೇ ನಿಮ್ಮ ರಾಜ್ಯ. ಬೀದರಿನ ಹುಡುಗಿ ಹೈದರಾಬಾದಿನ ಜೂನಿಯರ್ ಕಾಲೇಜಿನಲ್ಲಿ ಇಂಟರ್ ಮುಗಿಸಿದರೆ ಅವಳ ಹೋಮ್ ಸ್ಟೇಟ್ ತೆಲಂಗಾಣ. ವಾರಂಗಲ್ ಎನ್‌ಐಟಿ ಅವಳಿಗೆ ಮನೆಯ ಸಾಲು, ಸುರತ್ಕಲ್ ಹೊರಗಿನ ಸಾಲು. ಅದೇ ರೀತಿ ಹುಬ್ಬಳ್ಳಿಯಲ್ಲಿ ಪಿಯುಸಿ ಓದಿದ ಬೇರೆ ರಾಜ್ಯದ ಹುಡುಗನಿಗೆ ಸುರತ್ಕಲ್‌ನ ಹೋಮ್ ಸ್ಟೇಟ್ ಸಾಲು ಸಲ್ಲುತ್ತದೆ. ಕೋಚಿಂಗ್ ಎಲ್ಲಿ ನಡೆಯಿತು ಎಂಬುದು ಮುಖ್ಯವಲ್ಲ. ಹನ್ನೆರಡನೇ ತರಗತಿಯ ಪರೀಕ್ಷೆಗೆ ಕಳಿಸಿದ ಶಾಲೆ ಯಾವ ರಾಜ್ಯದ್ದು ಎಂಬುದೇ ಮುಖ್ಯ. ಮಗುವನ್ನು ಪಕ್ಕದ ರಾಜ್ಯಕ್ಕೆ ಕಳಿಸುವ ಮುನ್ನ, ಹತ್ತನೇ ತರಗತಿ ಮುಗಿದಾಗಲೇ ಈ ಲೆಕ್ಕ ಹಾಕಬೇಕು.

ಐಐಟಿ ಮತ್ತು ಟ್ರಿಪಲ್ ಐಟಿಗಳಲ್ಲಿ ಇದ್ಯಾವುದೂ ಇಲ್ಲ. ಧಾರವಾಡದ ಐಐಟಿ ಇರಲಿ, ಧಾರವಾಡ ಅಥವಾ ರಾಯಚೂರಿನ ಟ್ರಿಪಲ್ ಐಟಿ ಇರಲಿ, ಎಲ್ಲವೂ ಅಖಿಲ ಭಾರತ ಸಾಲು. ‘ನಮ್ಮೂರಿನದು, ಸ್ವಲ್ಪ ಸಡಿಲ ಇರುತ್ತದೆ’ ಎಂಬ ಆಸೆ ಬೇಡ.

ಎರಡನೆಯದು ವರ್ಗ. ಓಪನ್ ಸಾಲಿನಲ್ಲಿರುವುದು ಸಾಮಾನ್ಯ ರ‍್ಯಾಂಕ್; ಒಬಿಸಿ, ಎಸ್‌ಸಿ, ಎಸ್‌ಟಿ, ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲರು) ಸಾಲುಗಳಲ್ಲಿರುವುದು ಆಯಾ ವರ್ಗದೊಳಗಿನ ರ‍್ಯಾಂಕ್. ಸಾಮಾನ್ಯ ರ‍್ಯಾಂಕ್ 11,000 ಮತ್ತು ಒಬಿಸಿ ರ‍್ಯಾಂಕ್ 3,100 ಇದ್ದರೆ 11,000ವನ್ನು ಓಪನ್ ಸಾಲಿಗೂ 3,100ನ್ನು ಒಬಿಸಿ ಸಾಲಿಗೂ ಹೋಲಿಸಿ. ಎರಡೂ ಬಾಗಿಲು ನಿಮಗೆ ತೆರೆದಿವೆ. ಅದಲುಬದಲು ಮಾಡಿದರೆ ಲೆಕ್ಕವೇ ತಲೆಕೆಳಗು. ಕೆಲವು ಅಂಕಿಗಳ ಪಕ್ಕದಲ್ಲಿ ‘ಪಿ’ ಅಕ್ಷರ ಇರುತ್ತದೆ. ಅದು ಪೂರ್ವಸಿದ್ಧತಾ ಕೋರ್ಸಿನ ರ‍್ಯಾಂಕ್, ಸಾಮಾನ್ಯ ಅಂಕಿಯ ಜತೆ ಹೋಲಿಸುವಂತಿಲ್ಲ.

ನಮ್ಮ ರಾಜ್ಯದ ಮನೆಗಳಲ್ಲಿ ಇನ್ನೊಂದು ಗೊಂದಲ. ಸಿಇಟಿಗೆ ಕೊಟ್ಟ 2ಎ, 3ಎ, 3ಬಿ ಪ್ರಮಾಣಪತ್ರ ಇಲ್ಲಿ ನಡೆಯುವುದಿಲ್ಲ. ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿರಬೇಕು, ಕುಟುಂಬ ಕೆನೆಪದರಕ್ಕೆ ಸೇರಿರಬಾರದು, ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲಿದ್ದು ಆ ವರ್ಷದ ಏಪ್ರಿಲ್ 1 ಅಥವಾ ನಂತರದ ದಿನಾಂಕ ಹೊಂದಿರಬೇಕು. ಇಡಬ್ಲ್ಯುಎಸ್‌ಗೂ ಇದೇ ದಿನಾಂಕದ ನಿಯಮ. ಪತ್ರ ಇಲ್ಲದಿದ್ದರೆ ವರ್ಗದ ರ‍್ಯಾಂಕ್ ಇದ್ದೂ ಇಲ್ಲದಂತೆ. ಏಪ್ರಿಲ್ ಮೊದಲ ವಾರದಲ್ಲೇ ನಾಡಕಚೇರಿಗೆ ಅರ್ಜಿ ಹಾಕಿ. ಕೌನ್ಸೆಲಿಂಗ್ ಶುರುವಾದ ಮೇಲೆ ಓಡಾಡಿದರೆ ಪತ್ರ ಕೈಗೆ ಬರುವಷ್ಟರಲ್ಲಿ ಗಡುವು ದಾಟಿರಬಹುದು.

ಮೂರನೆಯದು ಹೆಣ್ಣುಮಕ್ಕಳ ಸಾಲು. 2018ರಿಂದ ಐಐಟಿ, ಎನ್‌ಐಟಿಗಳಲ್ಲಿ ಅವರಿಗೆ ಹೆಚ್ಚುವರಿ ಸೀಟುಗಳಿವೆ. ಬಾಂಬೆ ಐಐಟಿಯ ಕಂಪ್ಯೂಟರ್ ಸೈನ್ಸ್ ಓಪನ್ ವರ್ಗದಲ್ಲಿ ಲಿಂಗಭೇದವಿಲ್ಲದ ಸಾಲು ಇತ್ತೀಚಿನ ವರ್ಷಗಳಲ್ಲಿ 70ರೊಳಗೇ ಮುಚ್ಚಿದೆ. ಹೆಣ್ಣುಮಕ್ಕಳ ಸಾಲು ನೂರುಗಳನ್ನು ದಾಟಿ ಹೋಗಿದೆ. ಹುಡುಗಿಯರು ಎರಡೂ ಸಾಲು ನೋಡಲಿ. ಹುಡುಗರು ಮಾತ್ರ ಆ ದೊಡ್ಡ ಅಂಕಿ ಕಂಡು ಮೋಸ ಹೋಗದಿರಲಿ.

ನಾಲ್ಕನೆಯದು ಸೀಟು ಹಂಚಿಕೆಯ ಸುತ್ತು. ಸೀಟು ಬಿಟ್ಟು ಹೋಗುವವರು ಇದ್ದೇ ಇರುವುದರಿಂದ ಸುತ್ತು ಮುಂದುವರಿದಂತೆ ಕ್ಲೋಸಿಂಗ್ ರ‍್ಯಾಂಕ್ ಸಾಮಾನ್ಯವಾಗಿ ಹಿಗ್ಗುತ್ತದೆ. ಕೊನೆಯ ಸುತ್ತಿನದ್ದನ್ನೇ ತೆಗೆದುಕೊಳ್ಳಿ. 2024ರಲ್ಲಿ ಐದು ಸುತ್ತು, 2025ರಲ್ಲಿ ಆರು. ಅದರ ನಂತರ ನಡೆಯುವ ಸಿಸ್ಯಾಬ್ ವಿಶೇಷ ಸುತ್ತಿನ ಅಂಕಿಗಳನ್ನು ಇದರಲ್ಲಿ ಬೆರೆಸಬೇಡಿ. ಅದು ಉಳಿದ ಸೀಟುಗಳ ಹಂಚಿಕೆ, ಅಲ್ಲಿನ ಏರಿಳಿತಕ್ಕೆ ಹಿಡಿತವಿಲ್ಲ. ಓಪನಿಂಗ್ ರ‍್ಯಾಂಕ್ ಕಾಲಂ ನಮ್ಮ ಲೆಕ್ಕಕ್ಕೆ ಬೇಕೇ ಇಲ್ಲ.

ಮೂರು ವರ್ಷದ ಅಂಕಿ, ಮೂರು ಗುಂಪು

ಒಂದೇ ವರ್ಷ ನೋಡಿದರೆ ಸಾಲದು. ಕಳೆದ ಮೂರು ವರ್ಷದ ಅದೇ ಸಾಲನ್ನು ಹಾಳೆಯಲ್ಲಿ ಬರೆಯಿರಿ. 9,400, 10,200, 9,700 ಇದೆ ಎಂದಿಟ್ಟುಕೊಳ್ಳಿ (ಇದು ಉದಾಹರಣೆಗೆ ಹಿಡಿದ ಅಂಕಿ, ಯಾವ ಬ್ರಾಂಚಿನದೂ ಅಲ್ಲ). ಅತಿ ಚಿಕ್ಕದಾದ 9,400ರಲ್ಲಿ ಶೇ 10 ಕಳೆದರೆ 8,460. ನಿಮ್ಮ ರ‍್ಯಾಂಕ್ ಅದಕ್ಕಿಂತ ಚಿಕ್ಕದಿದ್ದರೆ ಬಹುಮಟ್ಟಿಗೆ ಖಾತ್ರಿ. 8,460ರಿಂದ 10,200ರವರೆಗೆ ಅತ್ತಲೂ ಆಗಬಹುದು, ಇತ್ತಲೂ ಆಗಬಹುದು. ಅದರ ಮೇಲೆ ಇನ್ನು ಶೇ 10ರವರೆಗೆ, ಅಂದರೆ ಸುಮಾರು 11,200ರ ತನಕ, ದೂರದ ಆಸೆ.

ಈ ಶೇ 10 ಎಲ್ಲ ಕಡೆ ಒಪ್ಪುವುದಿಲ್ಲ. ಒಂದು ಸಾಲಿನಲ್ಲಿ ಎರಡೋ ಮೂರೋ ಸೀಟಿದ್ದರೆ ಒಬ್ಬ ವಿದ್ಯಾರ್ಥಿ ಬೇರೆಡೆಗೆ ಹೋದರೂ ಕ್ಲೋಸಿಂಗ್ ರ‍್ಯಾಂಕ್ ಎಲ್ಲಿಂದೆಲ್ಲಿಗೋ ಜಿಗಿಯುತ್ತದೆ. ಅಂಥ ಸಾಲನ್ನು ಯಾವಾಗಲೂ ಖಾತ್ರಿ ಗುಂಪಿನಿಂದ ಹೊರಗಿಡಿ. ಆ ವರ್ಷದ ಸೀಟ್ ಮ್ಯಾಟ್ರಿಕ್ಸ್ (ಯಾವ ಬ್ರಾಂಚಿಗೆ ಎಷ್ಟು ಸೀಟು ಎಂಬ ಪಟ್ಟಿ) ಬಂದ ಕೂಡಲೇ ಹಿಂದಿನ ವರ್ಷದ್ದರ ಪಕ್ಕ ಇಟ್ಟು ನೋಡಿ. 40 ಸೀಟು 60 ಆಗಿದ್ದರೆ ಗಡಿ ಸಡಿಲಗೊಳ್ಳುತ್ತದೆ. ಧಾರವಾಡವೂ ಸೇರಿ ಐದು ಹೊಸ ಐಐಟಿಗಳ ವಿಸ್ತರಣೆಗೆ 2025ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿರುವುದರಿಂದ ಈ ಹೋಲಿಕೆ ಅಲ್ಲಿ ಇನ್ನೂ ಮುಖ್ಯ. ಹೊಸದಾಗಿ ಶುರುವಾದ ಬ್ರಾಂಚಿಗೆ ಹಳೆಯ ಅಂಕಿಯೇ ಇರುವುದಿಲ್ಲ, ಅದನ್ನು ನಡುವಿನ ಗುಂಪಿಗೆ ಹಾಕಿ.

‘ನಿಮಗೆ ಶೇ 73 ಸಾಧ್ಯತೆ’ ಎಂದು ಹೇಳುವ ಕಾಲೇಜ್ ಪ್ರೆಡಿಕ್ಟರ್ ಆ್ಯಪ್‌ಗಳೂ ಬಳಸುವುದು ಇದೇ ಪಟ್ಟಿಯನ್ನು. ರಾಜ್ಯ, ವರ್ಗ, ಲಿಂಗ ಮೂರನ್ನೂ ಕೇಳದೆ ಉತ್ತರ ಕೊಡುವ ಆ್ಯಪನ್ನು ಆ ಕ್ಷಣವೇ ಮುಚ್ಚಿ. ಫೋನ್ ನಂಬರ್ ಕೊಟ್ಟರೆ ಮಾತ್ರ ಫಲಿತಾಂಶ ತೋರಿಸುವವುಗಳಿಂದ ದೂರವಿರಿ. ಮರುದಿನದಿಂದ ಖಾಸಗಿ ಕಾಲೇಜುಗಳ ಕರೆ ನಿಲ್ಲುವುದಿಲ್ಲ.

ಆಯ್ಕೆ ತುಂಬುವಾಗ

ಈ ಮೂರು ಗುಂಪು ನಿಮ್ಮ ತಿಳಿವಳಿಕೆಗೆ ಮಾತ್ರ. ಜೋಸಾದಲ್ಲಿ ಆಯ್ಕೆಗಳನ್ನು ಇಷ್ಟದ ಕ್ರಮದಲ್ಲೇ ತುಂಬಬೇಕು. ಸಿಗದ ಸೀಟನ್ನು ಮೇಲೆ ಬರೆದರೆ ಕೆಳಗಿನದ್ದು ಕೈತಪ್ಪುತ್ತದೆ ಎಂಬ ಭಯ ಸುಳ್ಳು. ಮೇಲಿನದು ಸಿಗದಿದ್ದರೆ ವ್ಯವಸ್ಥೆ ತಾನಾಗಿ ಮುಂದಿನದಕ್ಕೆ ಇಳಿಯುತ್ತದೆ. ನಿಜವಾದ ಅಪಾಯ ಪಟ್ಟಿ ಚಿಕ್ಕದಾಗುವುದು. ಖಾತ್ರಿ ಗುಂಪಿನವು ಕನಿಷ್ಠ ಹತ್ತಾದರೂ ಇರಲಿ, ಮತ್ತು ಸಿಕ್ಕರೆ ನಿಜಕ್ಕೂ ಸೇರುವಂಥವೇ ಆಗಿರಲಿ. ಮೊದಲ ಸಲ ಸೀಟು ಬಂದಾಗ ಗಡುವಿನೊಳಗೆ ಶುಲ್ಕ ಕಟ್ಟಿ ದಾಖಲೆ ಹಾಕದಿದ್ದರೆ ಮುಂದಿನ ಸುತ್ತುಗಳಿಗೂ ಪ್ರವೇಶವಿಲ್ಲ. ಇನ್ನೂ ಮೇಲಿನದು ಬೇಕೆಂದರೆ ‘ಫ್ಲೋಟ್’ ಒತ್ತಿ. ‘ಫ್ರೀಜ್’ ಒತ್ತಿದರೆ ಅದೇ ಸೀಟಿಗೆ ನಿಂತಂತೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಈ ಪಟ್ಟಿಯಲ್ಲಿ ಇಲ್ಲ. ಅಲ್ಲಿನ ಪದವಿ ಕೋರ್ಸುಗಳಿಗೆ ಪ್ರತ್ಯೇಕ ಅರ್ಜಿ ಹಾಕಬೇಕು. ಜೋಸಾಕ್ಕಾಗಿ ಕಾಯುತ್ತ ಕುಳಿತರೆ ಅದರ ಕೊನೆಯ ದಿನ ದಾಟಿಹೋಗಬಹುದು.