ಮೂವತ್ತನೇ ನಿಮಿಷದಲ್ಲಿ ಕಂಡದ್ದು

ನಮ್ಮ ದೊಡ್ಡಪ್ಪನಿಗೆ ಸೋರಿಯಾಸಿಸ್ ಇತ್ತು. ಮೊಣಕೈ ಕೆಂಪಗಾಗಿ ಬಿಳಿ ಹೊಟ್ಟು ಏಳುತ್ತಿತ್ತು. ಪಿಎಚ್‌ಡಿಗೆ ಎನ್ಎಫ್-ಕಪ್ಪಾ-ಬಿ ಆರಿಸಿಕೊಂಡಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಆ ಮೊಣಕೈ.

ಇದೊಂದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್. ಅಂದರೆ ಡಿಎನ್ಎ ಮೇಲೆ ಕೂತು ಜೀನ್‌ಗಳನ್ನು ಚಾಲೂ ಮಾಡುವ ಪ್ರೋಟೀನ್. 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಇದನ್ನು ಕಂಡುಹಿಡಿದರು. ಜೀವಕೋಶ ನೆಮ್ಮದಿಯಾಗಿದ್ದಾಗ ಐ-ಕಪ್ಪಾ-ಬಿ ಅನ್ನೋ ಇನ್ನೊಂದು ಪ್ರೋಟೀನ್ ಇದನ್ನು ನ್ಯೂಕ್ಲಿಯಸ್‌ನ ಹೊರಗೇ ಹಿಡಿದಿಟ್ಟಿರುತ್ತದೆ. ಉರಿಯೂತ ಎಬ್ಬಿಸುವ ಸಂಕೇತ ಪ್ರೋಟೀನ್ ಟಿಎನ್ಎಫ್ ತಾಗಿದರೆ ಐ-ಕಪ್ಪಾ-ಬಿ ನಾಶವಾಗುತ್ತದೆ. ಬಿಡುಗಡೆಯಾದದ್ದು ಒಳಗೆ ಹೋಗಿ ಉರಿಯೂತದ ಜೀನ್‌ಗಳನ್ನು ಎಬ್ಬಿಸುತ್ತದೆ.

ಇದನ್ನು ಕಣ್ಣಾರೆ ನೋಡಬೇಕಿತ್ತು. ಹಾಕ್ಯಾಟ್ ಎಂಬ ಚರ್ಮದ ಕೋಶಗಳನ್ನು ಕವರ್‌ಸ್ಲಿಪ್ ಎಂಬ ತೆಳು ಗಾಜಿನ ಚೂರಿನ ಮೇಲೆ ಬೆಳೆಸಿದೆ. ಮಿಲಿಲೀಟರಿಗೆ 10 ನ್ಯಾನೋಗ್ರಾಂ ಟಿಎನ್ಎಫ್ ಹಾಕಿದೆ. ಊಟ ಮುಗಿಸಿ ಬಂದು, ಎರಡು ಗಂಟೆ ಕಳೆದ ಮೇಲೆ ಫಿಕ್ಸ್ ಮಾಡಿದೆ, ಅಂದರೆ ಕೋಶಗಳನ್ನು ಇದ್ದ ಸ್ಥಿತಿಯಲ್ಲೇ ಹಿಡಿದು ನಿಲ್ಲಿಸಿದೆ. ಎನ್ಎಫ್-ಕಪ್ಪಾ-ಬಿಯ ಒಂದು ಭಾಗವಾದ ಪಿ65ಗೆ ಹಸಿರು ಬಣ್ಣ, ನ್ಯೂಕ್ಲಿಯಸ್‌ಗೆ ನೀಲಿ. ನೋಡಿದರೆ ಟಿಎನ್ಎಫ್ ಹಾಕಿದ್ದಕ್ಕೂ ಹಾಕದ್ದಕ್ಕೂ ಹೆಚ್ಚು ವ್ಯತ್ಯಾಸವೇ ಇಲ್ಲ! ಪ್ರೋಟೀನ್ ಎಷ್ಟಿದೆ ಎಂದು ತೋರಿಸುವ ವೆಸ್ಟರ್ನ್ ಬ್ಲಾಟ್ ಪರೀಕ್ಷೆಯಲ್ಲೂ ಪಿ65 ಅಷ್ಟೇ ಇತ್ತು. ಪಿ65ಗೆ ಅಂಟಿ ಅದನ್ನು ಗುರುತಿಸುವ ಆಂಟಿಬಾಡಿ ಕೆಟ್ಟಿದೆ ಅಂದುಕೊಂಡು ಮೂರು ವಾರ ಕಳೆದೆ.

ತಪ್ಪು ಇದ್ದದ್ದು ನನ್ನ ಊಟದ ಬಿಡುವಿನಲ್ಲಿ. ಎನ್ಎಫ್-ಕಪ್ಪಾ-ಬಿ ಒಳಗೆ ಹೋದ ಮೇಲೆ ಎಬ್ಬಿಸುವ ಜೀನ್‌ಗಳಲ್ಲಿ ಐ-ಕಪ್ಪಾ-ಬಿಯದೂ ಒಂದು. ಅದು ಹೊಸದಾಗಿ ತಯಾರಾಗಿ ಇದನ್ನು ಮತ್ತೆ ಹೊರಗೆ ಕರೆದೊಯ್ಯುತ್ತದೆ. ನಾನು ಬಂದು ನೋಡುವಷ್ಟರಲ್ಲಿ ಹೋಗಿ ಬಂದಾಗಿತ್ತು.

ಆಮೇಲೆ 0, 15, 30, 60, 120 ನಿಮಿಷ ಅಂತ ಪ್ಲೇಟಿನ ಐದು ಕುಳಿಗಳಲ್ಲಿ ಕೋಶಗಳನ್ನು ಇಟ್ಟೆ. 120 ನಿಮಿಷದ್ದಕ್ಕೆ ಟಿಎನ್ಎಫ್ ಮೊದಲು, 15ರದ್ದಕ್ಕೆ ಕೊನೆಗೆ. ಹೀಗೆ ಮಾಡಿದರೆ ಎಲ್ಲವನ್ನೂ ಒಟ್ಟಿಗೇ ಫಿಕ್ಸ್ ಮಾಡಬಹುದು. ಪ್ಯಾರಾಫಾರ್ಮಾಲ್ಡಿಹೈಡ್ ಶೇ. 4, ಹದಿನೈದು ನಿಮಿಷ. ಒಂದು ಕವರ್‌ಸ್ಲಿಪ್ಪಿಗೆ ಪಿ65ಗೆ ಅಂಟುವ ಮೊದಲ ಆಂಟಿಬಾಡಿ ಹಾಕದೆ, ಬಣ್ಣದ ಎರಡನೆಯದನ್ನಷ್ಟೇ ಹಾಕಬೇಕು, ಇಲ್ಲದಿದ್ದರೆ ಕಾಣುವ ಹಸಿರು ನಿಜವೋ ಸುಳ್ಳೋ ತಿಳಿಯದು. ಎಣಿಸುವಾಗ ಲೇಬಲ್ ಮುಚ್ಚಿಸಿದೆ. ಆಸೆ ಕಣ್ಣನ್ನೂ ತಿರುಗಿಸುತ್ತದೆ ಅಲ್ವಾ.

ಮೂವತ್ತನೇ ನಿಮಿಷದಲ್ಲಿ ನ್ಯೂಕ್ಲಿಯಸ್‌ಗಳೆಲ್ಲ ಹಸಿರು. ಕತ್ತಲ ಕೋಣೆಯಲ್ಲಿ ಒಬ್ಬಳೇ ಕೂತು ತುಂಬ ಹೊತ್ತು ನೋಡಿದೆ.

ಸೋರಿಯಾಸಿಸ್‌ನ ಚರ್ಮದಲ್ಲಿ ಟಿಎನ್ಎಫ್ ಬರುತ್ತಲೇ ಇರುತ್ತದೆ, ಹಾಗಾಗಿ ಈ ಸಂಕೇತ ಪೂರ್ತಿ ತಣ್ಣಗಾಗುವುದಿಲ್ಲ. ಟಿಎನ್ಎಫ್ ತಡೆಯುವ ಇಂಜೆಕ್ಷನ್‌ಗಳು ಕೆಲಸ ಮಾಡುವುದು ಇಲ್ಲೇ. ಹಾಗಂತ ಎನ್ಎಫ್-ಕಪ್ಪಾ-ಬಿಯನ್ನೇ ಪೂರ್ತಿ ತಡೆದುಬಿಡೋಣ ಅನ್ನುವಂತಿಲ್ಲ. ಇದನ್ನು ಬಿಡುಗಡೆ ಮಾಡುವ ನೀಮೋ ಎಂಬ ಪ್ರೋಟೀನಿನ ಜೀನ್ ಕೆಟ್ಟರೆ ಇನ್‌ಕಾಂಟಿನೆನ್ಷಿಯಾ ಪಿಗ್ಮೆಂಟಿ ಬರುತ್ತದೆ. ಹೆಚ್ಚಾಗಿ ಹೆಣ್ಣುಮಕ್ಕಳಲ್ಲಿ ಕಾಣುವ ರೋಗ. ಹಸುಗೂಸಿನ ಮೈಮೇಲೆ ಸಾಲುಸಾಲಾಗಿ ಗುಳ್ಳೆ ಏಳುತ್ತವೆ.

ಹಾಕ್ಯಾಟ್ ಕೋಶಗಳಲ್ಲಿ ಬೆಳವಣಿಗೆಗೆ ಕಡಿವಾಣ ಹಾಕುವ ಪಿ53 ಜೀನ್ ಕೆಟ್ಟಿದೆ, ಅದನ್ನಷ್ಟೇ ನಂಬುವಂತಿಲ್ಲ. ಅದಕ್ಕೇ ಈಗ ಚರ್ಮದಿಂದ ನೇರವಾಗಿ ತೆಗೆದ ಕೋಶಗಳಲ್ಲಿ ಇದನ್ನೇ ಮಾಡುತ್ತಿದ್ದೇನೆ. ಅವು ಬಲು ಸೂಕ್ಷ್ಮ. ಕ್ಯಾಲ್ಸಿಯಂ ಸ್ವಲ್ಪ ಜಾಸ್ತಿಯಾದರೂ ಬೆಳೆಯುವುದನ್ನು ನಿಲ್ಲಿಸಿ ಬಲಿತುಬಿಡುತ್ತವೆ. ಮೊದಲ ಪ್ಲೇಟು ಇನ್‌ಕ್ಯುಬೇಟರ್‌ನಲ್ಲಿದೆ.