ಚುಕ್ಕೆಗೆ ಮೊದಲು ಚೀಟಿ: ಕಂದರದ ಹೂವಿನ ಹರ್ಬೇರಿಯಂ ದಾಖಲೆ ಓದುವ ಬಗೆ

ಹರ್ಬೇರಿಯಂ ಎಂದರೆ ಒತ್ತಿ ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ, ವಿವರದ ಚೀಟಿಯೊಂದಿಗೆ ಕಾಪಿಡುವ ಸಂಗ್ರಹ. ಅದರ ದಾಖಲೆ ತೆರೆದವರ ಕಣ್ಣು ಮೊದಲು ಹೋಗುವುದು ಗಿಡ ಸಿಕ್ಕ ಜಾಗ ತೋರುವ ನಕ್ಷೆಯ ಚುಕ್ಕೆಯ ಮೇಲೆ. ನಾನು ಅದನ್ನು ಕೊನೆಗೆ ನೋಡುತ್ತೇನೆ. ಬಯಲಿನ ಗಿಡಕ್ಕೆ ಚುಕ್ಕೆ ಸಾಕಾದೀತು. ಕಂದರದಲ್ಲಿ ಚುಕ್ಕೆ ಸ್ವಲ್ಪ ಸರಿದರೂ ಒಸರುವ ಬಂಡೆ ಹೋಗಿ ಒಣ ದಿಬ್ಬ ಬಂದಿರುತ್ತದೆ.

ಪ್ರಿಮುಲಾ ಸ್ಪೆಕ್ಯುಯಿಕೋಲಾವನ್ನೇ (Primula specuicola) ತೆಗೆದುಕೊಳ್ಳಿ. ಸಸ್ಯಶಾಸ್ತ್ರಜ್ಞ ರಿಡ್‌ಬರ್ಗ್ 1913ರಲ್ಲಿ ಹೆಸರಿಟ್ಟ ಈ ಹೂವು ಅಮೆರಿಕದ ಯೂಟಾ ಮತ್ತು ಅರಿಜೋನಾದ ಕಂದರಗಳದ್ದು. ಸುತ್ತ ಮರುಭೂಮಿ, ಇದು ಮಾತ್ರ ಮರಳುಗಲ್ಲಿನ ಗೋಡೆಯಲ್ಲಿ ನೀರು ಜಿನುಗುವ ಸೀಳುಗಳಿಗೆ, ಗವಿಯಂಥ ಪೊಟರೆಗಳಿಗೆ ಅಂಟಿಕೊಂಡು ಬದುಕುತ್ತದೆ. ಹರ್ಬೇರಿಯಂ ದಾಖಲೆಗಳನ್ನು ಒಟ್ಟಿಗೆ ತೋರಿಸುವ ಸೈನೆಟ್ (SEINet) ಜಾಲತಾಣದಲ್ಲಿ ಹೆಸರು ಕೊಟ್ಟು ಹುಡುಕಿ, ಹಾಳೆಯ ಚಿತ್ರವಿರುವ ದಾಖಲೆಗಳನ್ನು ಮೊದಲು ತೆರೆಯಿರಿ. ಇದರದೇ ಇನ್ನೊಂದು ಹೆಸರಾದ ಪ್ರಿಮುಲಾ ಹನ್ನೆವೆಲಿಯೈ (Primula hunnewellii) ಎಂಬುದರಲ್ಲೂ ಹುಡುಕಿ. ಗ್ರ್ಯಾಂಡ್ ಕ್ಯಾನ್ಯನ್ನಿನ ಹಳೆಯ ಹಾಳೆಗಳು ಅಲ್ಲಿ ಅಡಗಿರಬಹುದು.

ಚಿತ್ರ ತೆರೆದ ಮೇಲೆ ಗಿಡಕ್ಕಿಂತ ಮುಂಚೆ ಚೀಟಿ ಓದಿ. ಗಣಕಕ್ಕೆ ಏರಿಸಿದವರು ಊರು, ಜಿಲ್ಲೆ, ತಾರೀಖು ತುಂಬಿ, ‘ಉತ್ತರಕ್ಕೆ ಮುಖ ಮಾಡಿದ ಒದ್ದೆ ಪೊಟರೆ’ ಎಂಬಂಥ ಸಾಲನ್ನು ಬಿಟ್ಟುಬಿಟ್ಟಿರುವುದುಂಟು. ನಮಗೆ ಬೇಕಾದದ್ದು ಆ ಸಾಲೇ. ಚೀಟಿಯ ಪಕ್ಕದಲ್ಲಿ ನಂತರದ ತಜ್ಞರು ಅಂಟಿಸಿದ ಪುಟ್ಟ ಪಟ್ಟಿಗಳಿದ್ದರೆ, ಹೆಸರು ಯಾರ ಕೈಯಲ್ಲಿ ಯಾವ ವರ್ಷ ಬದಲಾಯಿತೆಂದು ಗುರುತಿಟ್ಟುಕೊಳ್ಳಿ. ಆಮೇಲೆ ಗಿಡ. ಒಳ್ಳೆಯ ಸಂಗ್ರಾಹಕರು ಒಂದೆರಡು ಎಲೆಯನ್ನು ಮಗುಚಿ ಒತ್ತಿರುತ್ತಾರೆ. ಚಿತ್ರವನ್ನು ಹಿಗ್ಗಿಸಿದರೆ ಆ ಎಲೆಯಡಿಯಲ್ಲಿ ಹಿಟ್ಟು ಉದುರಿಸಿದಂಥ ಬಿಳಿ ಪುಡಿ ಕಾಣುತ್ತದೆ.

ಎತ್ತರದ ಅಂಕಿಯನ್ನು ನಾನು ಅಕ್ಷಾಂಶಕ್ಕಿಂತ ಹೆಚ್ಚು ನಂಬುತ್ತೇನೆ. ಕಡಿದಾದ ಗೋಡೆಯಲ್ಲಿ ಅಂಚು, ನಡು, ಬುಡ ಮೂರೂ ನಕ್ಷೆಯ ಮೇಲೆ ಒಂದೇ ಚುಕ್ಕೆ. ಅವುಗಳನ್ನು ಬೇರ್ಪಡಿಸುವುದು ಎತ್ತರವೊಂದೇ. ಹಳೆಯ ಚೀಟಿಗಳಲ್ಲಿ ಅದು ಅಡಿಗಳಲ್ಲಿರುತ್ತದೆ, ಮೀಟರ್ ಎಂದು ಓದಬೇಡಿ. ಈ ಸೀಮೆಯ ಕೊಲರಾಡೊ ನದಿಗೆ ಕಟ್ಟಿದ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು 1963ರಲ್ಲಿ ನೀರು ನಿಲ್ಲಿಸತೊಡಗಿತು. ಅದರ ಹಿಂದೆ ನಿಂತ ಪೊವೆಲ್ ಜಲಾಶಯದ ಪೂರ್ಣ ಮಟ್ಟ 3700 ಅಡಿ. ಅಣೆಕಟ್ಟಿನ ಮೇಲ್ಭಾಗದ ಕಂದರದಿಂದ 1963ಕ್ಕೂ ಮೊದಲು, 3700 ಅಡಿಗಿಂತ ಕೆಳಗಿನ ಎತ್ತರದಲ್ಲಿ ತಂದ ಹಾಳೆ ಸಿಕ್ಕರೆ, ಆ ತಾಣ ಮುಳುಗಿದ್ದಿರಬಹುದು ಎಂದು ಬರೆದಿಟ್ಟುಕೊಳ್ಳಿ. ಈಚೆಗೆ ನೀರು ಬಹಳ ಇಳಿದಿರುವುದರಿಂದ ‘ನಾಶವಾಗಿದೆ’ ಎಂದು ಬರೆಯುವ ಆತುರ ಬೇಡ.

ಈಗ ಚುಕ್ಕೆಗೆ ಬನ್ನಿ. 1950ರ ಚೀಟಿಗೆ ಐದು ದಶಾಂಶದ ಅಕ್ಷಾಂಶ ಎಲ್ಲಿಂದ ಬಂತು? ಯಾರೋ ನಂತರ ಕೂಡಿಸಿದ್ದು. ಚೀಟಿಯಲ್ಲಿ ಯೂಟಾದ ಊರೊಂದರ ಹೆಸರು, ‘ಬ್ಲಫ್ ಸಿಟಿ’ ಎಂದಷ್ಟೇ ಇದ್ದಾಗ ಚುಕ್ಕೆ ಊರಿನ ನಡುವೆ ಕೂತಿರುತ್ತದೆ. ಊರಿನ ನಡುವೆ ಪ್ರಿಮುಲಾ ಬೆಳೆಯುವುದಿಲ್ಲ. ಹಾಗಾಗಿ ಅನಿಶ್ಚಿತತೆ ಎಷ್ಟು ಮೀಟರ್ ಎಂಬ ಅಂಕಣವನ್ನು ನೋಡದೆ ಮುಂದೆ ಹೋಗಬೇಡಿ. ಜಾಗವನ್ನು ಅಮೆರಿಕದ ಭೂಮಾಪನದ ಟೌನ್‌ಶಿಪ್‌, ಸೆಕ್ಷನ್‌ ಲೆಕ್ಕದಲ್ಲಿ ಕೊಟ್ಟಿದ್ದರೆ ಒಂದು ಸೆಕ್ಷನ್ ಎಂದರೆ ಒಂದು ಚದರ ಮೈಲಿ, ಇಡೀ ಕಂದರವೇ ಅದರೊಳಗೆ ಬಂದೀತು. ಹಳೆಯ ನ್ಯಾಡ್‌27 (1927ರ ಉತ್ತರ ಅಮೆರಿಕದ ಭೂಮಾಪನ) ಆಧಾರದ, ಜಾಗವನ್ನು ಮೀಟರುಗಳಲ್ಲಿ ಹೇಳುವ ಯುಟಿಎಂ ಅಂಕಿಗಳನ್ನು ಇಂದಿನ ನಕ್ಷೆಗೆ ಹಾಗೇ ಹಾಕಿದರೆ ಸುಮಾರು 200 ಮೀಟರ್ ಉತ್ತರ-ದಕ್ಷಿಣವಾಗಿ ಸರಿಯುತ್ತದೆ.

ಎಣಿಸುವ ಮುನ್ನ ನಕಲುಗಳನ್ನು ಜೋಡಿಸಿ. ಒಂದೇ ದಿನ ಕಿತ್ತ ಗಿಡಗಳು ನಾಲ್ಕು ಹರ್ಬೇರಿಯಂಗಳಿಗೆ ಹಂಚಿಹೋಗಿ ನಾಲ್ಕು ದಾಖಲೆಗಳಾಗಿರುತ್ತವೆ. ಸಂಗ್ರಾಹಕರ ಹೆಸರು, ಸಂಖ್ಯೆ, ತಾರೀಖು ಮೂರೂ ಹೊಂದಿದರೆ ಅದು ಒಂದೇ ಸಂಗ್ರಹ. ಹೂ ಬಿಡುವ ಕಾಲ ತಿಳಿಯಬೇಕಾದರೆ ತಾರೀಖಿನ ಜೊತೆ ಹಾಳೆಯಲ್ಲಿ ಹೂವೇ ಇದೆಯೇ, ಕಾಯಿಯೇ ಎಂದೂ ನೋಡಿ. ಇದು ವಸಂತದ ಹೂವು. ಆಗಸ್ಟಿನ ಹಾಳೆಯಲ್ಲಿ ಬರೀ ಎಲೆ ಇದ್ದರೆ ಹೂವಿನ ಲೆಕ್ಕಕ್ಕೆ ಸೇರಿಸಬೇಡಿ.

ಅಪರೂಪದ ಗಿಡಗಳ ಜಾಗವನ್ನು ಕೆಲವೊಮ್ಮೆ ಬೇಕೆಂದೇ ಮಸುಕು ಮಾಡಿರುತ್ತಾರೆ. ನಿಖರ ಸ್ಥಳ ನಿಜಕ್ಕೂ ಬೇಕಿದ್ದರೆ ಕಾರಣ ತಿಳಿಸಿ ಆಯಾ ಹರ್ಬೇರಿಯಂನ ಮೇಲ್ವಿಚಾರಕರಿಗೆ ಬರೆಯಿರಿ, ಪತ್ರದಲ್ಲಿ ಹಾಳೆಯ ಬಾರ್‌ಕೋಡ್ ಸಂಖ್ಯೆ ಮರೆಯಬೇಡಿ.